ಎರಡು ಮಳೆಗಳ ನಡುವಿನ ದಾರಿ

ಶ್ರೀಲಂಕಾದಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಬಸ್ಸು, ರೈಲುಗಳಲ್ಲಿ ತಿರುಗಲು ಹೊರಡುವವರು ಮೊದಲು ಹಾಕಬೇಕಾದ್ದು ಮಳೆಯ ಲೆಕ್ಕ. ದ್ವೀಪ ಚಿಕ್ಕದು: 65,610 ಚದರ ಕಿ.ಮೀ., ಹೆಚ್ಚುಕಡಿಮೆ ಕರ್ನಾಟಕದ ಮೂರನೇ ಒಂದು ಪಾಲು. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಸುಮಾರು 430 ಕಿ.ಮೀ. ಇಷ್ಟು ಪುಟ್ಟ ನಾಡಿಗೆ ವರ್ಷಕ್ಕೆ ಎರಡು ಮಳೆಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಪಶ್ಚಿಮ ಮತ್ತು ದಕ್ಷಿಣದ ಕರಾವಳಿಯನ್ನೂ ನಡುನಾಡಿನ ಬೆಟ್ಟಗಳ ಪಡುವಣ ಮೈಯನ್ನೂ ತೋಯಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿಂಗಾರು ಪೂರ್ವ ಮತ್ತು ಉತ್ತರದ ಪಾಲು. ನಡುವೆ ಅಕ್ಟೋಬರ್, ನವೆಂಬರ್‌ನಲ್ಲಿ ಗುಡುಗು ಮಳೆ ಎಲ್ಲ ಕಡೆಗೂ ಬೀಳುತ್ತದೆ. ನೈಋತ್ಯದ ತೇವದ ಸೀಮೆಯಲ್ಲಿ ವರ್ಷಕ್ಕೆ 2,500 ಮಿ.ಮೀ. ಮೀರಿ ಮಳೆಯಾದರೆ, ಒಣ ಸೀಮೆಗೆ 1,750 ಮಿ.ಮೀ. ದಾಟುವುದಿಲ್ಲ. ಮಲೆನಾಡು, ಬಯಲುಸೀಮೆಗಳ ವ್ಯತ್ಯಾಸ ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ರೈತರೂ ಎರಡು ಮಳೆಗೆ ಎರಡು ಬೆಳೆ ಎಣಿಸುತ್ತಾರೆ: ಹಿಂಗಾರಿನದು ‘ಮಹ’, ಮುಂಗಾರಿನದು ‘ಯಲ’.

ಪ್ರವಾಸಿಯ ಮಟ್ಟಿಗೆ ಇದರ ಅರ್ಥ ಸರಳ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೆಟ್ಟ ಮತ್ತು ದಕ್ಷಿಣದ ಕಡಲು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಪೂರ್ವ ಮತ್ತು ಉತ್ತರ. ಅಕ್ಟೋಬರ್, ನವೆಂಬರ್ ಬಿಟ್ಟರೆ ವರ್ಷದ ಯಾವ ತಿಂಗಳಲ್ಲಿ ಹೋದರೂ ದ್ವೀಪದ ಒಂದು ಪಕ್ಕದಲ್ಲಿ ಬಿಸಿಲಿರುತ್ತದೆ.

ಊರುಗಳ ಅಂತರ ಕಿಲೋಮೀಟರಿನಲ್ಲಿ ಕಡಿಮೆ, ಗಂಟೆಗಳಲ್ಲಿ ಹೆಚ್ಚು. ಸಾರಿಗೆ ಮಂಡಳಿಯ ಕೆಂಪು ಬಸ್ಸುಗಳೂ ಖಾಸಗಿ ಬಸ್ಸುಗಳೂ ಹೋಗದ ಹಳ್ಳಿಯಿಲ್ಲ. ಬೆಟ್ಟದ ದಾರಿಯಲ್ಲಿ ಮಾತ್ರ ಗಂಟೆಗೆ 25 ಕಿ.ಮೀ. ಸಾಗಿದರೆ ಪುಣ್ಯ. ಮುಂದಿನ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು, ಅವರು ಹತ್ತಿದರೆ ಯಾರೇ ಆಗಲಿ ಎದ್ದು ಬಿಡಬೇಕು. ದೊಡ್ಡ ಚೀಲವಿದ್ದವರು ಡ್ರೈವರ್ ಪಕ್ಕದ ಜಾಗದಲ್ಲಿ ಅದನ್ನಿಟ್ಟು ಹಿಂದೆ ಹೋಗಿ ನಿಲ್ಲುತ್ತಾರೆ. ಚೀಲ ಹಗುರವಿದ್ದಷ್ಟೂ ಈ ದೇಶ ಸಲೀಸು.

ಬಸ್ಸಿನ ಬೋರ್ಡು ಮೂರು ಲಿಪಿಯಲ್ಲಿರುತ್ತದೆ: ಸಿಂಹಳ, ತಮಿಳು, ಇಂಗ್ಲಿಷ್. ಕನ್ನಡದಂತೆಯೇ ಬ್ರಾಹ್ಮಿಯಿಂದ ಇಳಿದು ಬಂದ ಸಿಂಹಳದ ದುಂಡಗಿನ ಅಕ್ಷರ ಕನ್ನಡದ ಕಣ್ಣಿಗೆ ಗುರುತು ಸಿಕ್ಕಂತೆ ಅನಿಸಿ, ಓದಲು ಹೋದರೆ ಕೈಕೊಡುತ್ತದೆ. ಊರ ಹೆಸರುಗಳನ್ನು ಬಿಡಿಸುವುದು ಅಷ್ಟು ಕಷ್ಟವಲ್ಲ. ‘ನುವರ’ ಎಂದರೆ ನಗರ, ‘ಗಮ’ ಎಂದರೆ ಗ್ರಾಮ, ‘ಗಲ’ ಬಂಡೆ, ‘ಕಂದ’ ಬೆಟ್ಟ, ‘ವೆವ’ ಕೆರೆ. ನಾಲ್ಕಾರು ಇಂಥ ಪದ ಗೊತ್ತಿದ್ದರೆ ಬಸ್ಸು ಎಂಥ ನೆಲಕ್ಕೆ ಹೊರಟಿದೆ ಎಂಬುದು ಬೋರ್ಡಿನಲ್ಲೇ ತಿಳಿಯುತ್ತದೆ.

ಕೊಲಂಬೊದಲ್ಲಿ ಹೆಚ್ಚು ದಿನ ನಿಲ್ಲುವ ಅಗತ್ಯವಿಲ್ಲ. ಸಂಜೆ ಗಾಲ್ ಫೇಸ್ ಬಯಲಿನಲ್ಲಿ ಸಿಗಡಿ ಒತ್ತಿ ಕರಿದ ‘ಇಸ್ಸೊ ವಡೆ’ ತಿಂದು, ಬೆಳಿಗ್ಗೆ ಪೇಟೆಯ ಬಜಾರಿನಲ್ಲಿ ಒಂದು ಸುತ್ತು ಹಾಕಿ, ಫೋರ್ಟ್ ನಿಲ್ದಾಣದಲ್ಲಿ ರೈಲು ಹಿಡಿಯುವುದು ವಾಡಿಕೆ. ಒಣ ಸೀಮೆಯ ಹಳೆಯ ರಾಜಧಾನಿಗಳು ಅಲ್ಲಿಂದ ಉತ್ತರಕ್ಕಿವೆ.

ಅನುರಾಧಪುರ ಮತ್ತು ಪೊಲೊನ್ನರುವ ಎರಡನ್ನೂ ನೋಡುವ ಸರಿಯಾದ ಕ್ರಮ ಬಾಡಿಗೆ ಸೈಕಲ್. ಅನುರಾಧಪುರದ ಬೋಧಿವೃಕ್ಷ ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನ ಮಗಳು ಸಂಘಮಿತ್ತೆ ಭಾರತದಿಂದ ತಂದ ಕೊಂಬೆಯದು ಎಂದು ಬೌದ್ಧ ಪರಂಪರೆ ಹೇಳುತ್ತದೆ. ಅಂದಿನಿಂದ ಇಂದಿನವರೆಗೂ ಅದಕ್ಕೆ ಕಾವಲು, ಪೂಜೆ ನಡೆದು ಬಂದಿದೆ. ಜೇತವನಾರಾಮ ಸ್ತೂಪ ಕಟ್ಟಿದ ಕಾಲಕ್ಕೆ ಸುಮಾರು 122 ಮೀಟರ್ ಎತ್ತರವಿತ್ತು, ಪೂರ್ತಿ ಇಟ್ಟಿಗೆಯದು. ಪೊಲೊನ್ನರುವದ ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಬುದ್ಧರು ಕೂತು, ನಿಂತು, ಮಲಗಿದ್ದಾರೆ. ಮಲಗಿದ ಮೂರ್ತಿಯ ತಲೆಯ ಭಾರಕ್ಕೆ ಕಲ್ಲಿನ ದಿಂಬು ತುಸು ತಗ್ಗಿದಂತೆ ಶಿಲ್ಪಿ ಕೆತ್ತಿದ್ದಾನೆ. ಬುದ್ಧನಿಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ಅಲ್ಲಿಯವರು ಸಹಿಸುವುದಿಲ್ಲ. ಚಪ್ಪಲಿ, ಟೋಪಿ ತೆಗೆದೇ ಒಳಗೆ ಹೋಗಬೇಕು.

ಆದರೆ ಈ ಊರುಗಳ ಅಸಲು ವೈಭವ ಕೆರೆಗಳಲ್ಲಿದೆ. ವರ್ಷದಲ್ಲಿ ಒಂದೇ ದೊಡ್ಡ ಮಳೆ ಕಾಣುವ ನೆಲದಲ್ಲಿ ಮಹಾನಗರ ಕಟ್ಟಿದವರು ಮೊದಲು ನೀರು ಹಿಡಿದಿಡಲು ಕಲಿಯಬೇಕಾಯಿತು. 12ನೇ ಶತಮಾನದಲ್ಲಿ ಒಂದನೇ ಪರಾಕ್ರಮಬಾಹು ಹಿಗ್ಗಿಸಿದ ಪರಾಕ್ರಮ ಸಮುದ್ರದ ಏರಿ ಸುಮಾರು 14 ಕಿ.ಮೀ. ಉದ್ದವಿದೆ. ಸಂಜೆ ಏರಿಯ ಮೇಲೆ ಸೈಕಲ್ ತುಳಿದರೆ ಒಂದು ಪಕ್ಕ ಸಮುದ್ರದಂತೆ ನೀರು, ಇನ್ನೊಂದು ಪಕ್ಕ ತಗ್ಗಿನಲ್ಲಿ ಹಸಿರು ಗದ್ದೆ. ಕೆರೆ ಕಟ್ಟುವುದಕ್ಕಿಂತ ತುಂಬಿದ ಕೆರೆಯಿಂದ ನೀರು ಬಿಡುವುದು ಕಷ್ಟದ ಕೆಲಸ. ಆಳದ ನೀರಿನ ಒತ್ತಡಕ್ಕೆ ತೂಬೇ ಕಿತ್ತು ಏರಿ ಒಡೆಯುತ್ತದೆ. ಅದಕ್ಕೆ ಸಿಂಹಳದ ಕೆರೆಕಟ್ಟೆಯವರು ಕಂಡುಕೊಂಡ ಉಪಾಯ ‘ಬಿಸೋಕೊಟುವ’: ಏರಿಯ ಒಳಮೈಯಲ್ಲಿ ಬಾವಿಯ ಹಾಗೆ ಇಳಿಬಿಟ್ಟ ಚೌಕ ಗುಂಡಿ, ಸುತ್ತ ಸಂದಿಲ್ಲದಂತೆ ಕೂರಿಸಿದ ಕಲ್ಲು ಚಪ್ಪಡಿ. ಕೆರೆಯ ನೀರು ಮೊದಲು ಆ ಗುಂಡಿಗೆ ಬಿದ್ದು, ಅಲ್ಲಿ ವೇಗ ಕಳೆದುಕೊಂಡು, ಆಮೇಲೆ ತೂಬಿನ ಕಾಲುವೆಗೆ ಹೋಗುತ್ತದೆ. ಬ್ರಿಟಿಷ್ ಎಂಜಿನಿಯರ್ ಹೆನ್ರಿ ಪಾರ್ಕರ್ ಈ ಹಳೆಯ ಗುಂಡಿಗಳನ್ನು ಅಳೆದು, ಇವು ಈಗಿನ ಕಾಲದ ಕವಾಟದ ಬಾವಿಯ ಕೆಲಸವನ್ನೇ ಮಾಡುತ್ತಿದ್ದವು ಎಂದು ಬರೆದರು. ಎಷ್ಟೋ ಪ್ರವಾಸಿಗಳು ಇವುಗಳ ಪಕ್ಕದಲ್ಲೇ ಸೈಕಲ್ ಒರಗಿಸಿ, ಏನೆಂದು ಕೇಳದೆ ಹೋಗುತ್ತಾರೆ. ಊರ ಕೆರೆಯ ತೂಬು, ಕೋಡಿ ನೋಡಿ ಬೆಳೆದವರು ಹಾಗೆ ಹೋಗಲಾರರು.

ಸಿಗಿರಿಯ ಈ ಎರಡು ಊರುಗಳ ನಡುವಿನ ಸೀಮೆಯಲ್ಲಿದೆ. ಬಯಲಿನಿಂದ ಸುಮಾರು 180 ಮೀಟರ್ ನೆಟ್ಟಗೆ ಎದ್ದ ಬಂಡೆಯ ನೆತ್ತಿಯಲ್ಲಿ 5ನೇ ಶತಮಾನದ ರಾಜ ಕಾಶ್ಯಪ ಅರಮನೆ ಕಟ್ಟಿಸಿದ. ತಂದೆಯನ್ನು ಕೊಂದು ಪಟ್ಟಕ್ಕೆ ಬಂದವನು, ಸೋದರನ ಭಯದಲ್ಲಿ ಬಂಡೆ ಏರಿದ ಎಂಬುದು ಅವನ ಕಥೆ. ಹತ್ತುವ ದಾರಿಯಲ್ಲಿ ಕನ್ನಡಿಯಂತೆ ಹೊಳಪು ಕೊಟ್ಟ ಗೋಡೆಯೊಂದಿದೆ. ಅದರ ಮೇಲೆ ಹಳೆಯ ಯಾತ್ರಿಕರು, ಮೇಲೆ ಬಂಡೆಯ ಮೈಯಲ್ಲಿ ಬಿಡಿಸಿದ ಚಿತ್ರದ ಹೆಂಗಸರನ್ನು ಕಂಡು ಹುಟ್ಟಿದ ಮಾತನ್ನು ಪದ್ಯವಾಗಿ ಗೀಚಿ ಹೋದರು. ವಿದ್ವಾಂಸ ಸೆನರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಸಾವಿರ ವರ್ಷದ ಹಿಂದೆಯೂ ದೂರದಿಂದ ನಡೆದು ಬಂದು, ಬೆರಗಾಗಿ, ನಾಲ್ಕು ಸಾಲು ಬರೆದು ಹೋದವರಿದ್ದರು. ಬುಡದ ಉದ್ಯಾನದ ಕಾರಂಜಿಗಳು ಇಂದಿಗೂ ಮಳೆಗಾಲದಲ್ಲಿ ಚಿಮ್ಮುತ್ತವೆ. ಪಂಪಿಲ್ಲ, ಮೇಲಿನ ಕೊಳದ ನೀರಿನ ಒತ್ತಡವೇ ಸಾಕು. ಟಿಕೆಟ್ ದುಬಾರಿ, ಭಾರತದವರಿಗೆ ಸಾರ್ಕ್ ರಿಯಾಯಿತಿ ಸಿಗುವುದರಿಂದ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಹಣ ಉಳಿಸಬೇಕೆನ್ನುವವರು ಎದುರಿನ ಪಿದುರಂಗಲ ಬಂಡೆ ಹತ್ತಿ ಸೂರ್ಯೋದಯದಲ್ಲಿ ಸಿಗಿರಿಯವನ್ನು ನೋಡುತ್ತಾರೆ. ಇಡೀ ಬಂಡೆ ಕಣ್ಣಿಗೆ ತುಂಬುವುದು ಅಲ್ಲಿಂದಲೇ.

ಹತ್ತಿರದ ಮಿನ್ನೇರಿಯ 3ನೇ ಶತಮಾನದಲ್ಲಿ ಮಹಾಸೇನ ಕಟ್ಟಿಸಿದ ಕೆರೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನೀರು ಹಿಂದೆ ಸರಿದು ಕೆರೆಯಂಗಳದಲ್ಲಿ ಎಳೆ ಹುಲ್ಲು ಚಿಗುರಿದಾಗ ಸುತ್ತಲ ಕಾಡಿನ ಆನೆಗಳು ನೂರರ ಲೆಕ್ಕದಲ್ಲಿ ಅಲ್ಲಿ ಸೇರುತ್ತವೆ. ಬೇಸಿಗೆಯಲ್ಲೂ ಕೆರೆ ತುಂಬಿದ್ದರೆ ಹುಲ್ಲಿಲ್ಲ, ಆನೆಯೂ ಇಲ್ಲ. ಜೀಪು ಮಾಡಿಕೊಳ್ಳುವ ಮುಂಚೆ ನೀರು ಎಲ್ಲಿದೆ ಎಂದು ಊರವರನ್ನು ಕೇಳುವುದು ಒಳಿತು.

ಊಟದ ವಿಷಯದಲ್ಲಿ ಕನ್ನಡಿಗರಿಗೆ ಒಂದು ನೆಮ್ಮದಿ: ಶ್ರೀಲಂಕಾದಲ್ಲೂ ‘ಹೋಟೆಲ್’ ಎಂದರೆ ಊಟ, ತಿಂಡಿ ಸಿಗುವ ಜಾಗ. ಮಧ್ಯಾಹ್ನ ಅನ್ನ, ಒಂದೆರಡು ಬಗೆ ಪಲ್ಯ, ‘ಪರಿಪ್ಪು’ ಎಂಬ ತೆಂಗಿನ ಹಾಲಿನ ತೊವ್ವೆ. ಸಂಜೆಯಾದ ಮೇಲೆ ‘ಅಪ್ಪ’. ಅಕ್ಕಿ ಹಿಟ್ಟು, ತೆಂಗಿನ ಹಾಲಿನ ಹುಳಿ ಹಿಟ್ಟನ್ನು ಅಂಗೈಯಗಲದ ತಗ್ಗು ಬಾಣಲೆಗೆ ಒಂದು ಸೌಟು ಹುಯ್ದು, ಎರಡೂ ಹಿಡಿ ಹಿಡಿದು ಒಂದು ಸುತ್ತು ತಿರುಗಿಸುತ್ತಾರೆ. ಅಂಚು ಜಾಲರಿಯಂತೆ ಗರಿಗರಿ, ನಡು ಮೆತ್ತಗೆ; ಬೇಕೆಂದವರಿಗೆ ನಡುವೆ ಒಂದು ಮೊಟ್ಟೆ. ಜೊತೆಗೆ ಬರುವ ‘ಪೋಲ್ ಸಂಬೋಲ’ ತೆಂಗಿನ ತುರಿ, ಒಣಮೆಣಸು, ಈರುಳ್ಳಿ, ನಿಂಬೆರಸದ ಚಟ್ನಿ. ಅದರಲ್ಲಿ ‘ಉಂಬಲಕಡ’ ಎಂಬ ಒಣಮೀನಿನ ಪುಡಿ ಬೆರೆಸುವ ರೂಢಿಯಿದೆ. ನೋಡಲು ತೆಂಗಿನಕಾಯಿ ಚಟ್ನಿಯಂತೆಯೇ ಇರುವುದರಿಂದ ಸಸ್ಯಾಹಾರಿಗಳು ಮೊದಲೇ ಬೇಡವೆಂದು ಹೇಳಬೇಕು.

ಕ್ಯಾಂಡಿಯಿಂದ ಬೆಟ್ಟದ ನಾಡು ಶುರು. 1815ರಲ್ಲಿ ಬ್ರಿಟಿಷರ ವಶವಾಗುವವರೆಗೂ ಇದು ಸ್ವತಂತ್ರ ರಾಜ್ಯದ ರಾಜಧಾನಿ. ಬುದ್ಧನ ದಂತವಿರುವ ದೇವಾಲಯ, ಅದರ ಮುಂದೆ ಕೊನೆಯ ರಾಜ ಶ್ರೀವಿಕ್ರಮ ರಾಜಸಿಂಹ ಮಾಡಿಸಿದ ಕೆರೆ, ಸುತ್ತ ಮಂಜು ಹೊದ್ದ ಗುಡ್ಡ. ಜುಲೈ-ಆಗಸ್ಟ್‌ನ ಪೆರಹೆರ ಉತ್ಸವದ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ. ಆ ರಾಜ ಕೊನೆಯುಸಿರೆಳೆದದ್ದು ಮಾತ್ರ ಇಲ್ಲಲ್ಲ. 1832ರಲ್ಲಿ, ವೆಲ್ಲೂರಿನಲ್ಲಿ, ಸೆರೆಯಾಳಾಗಿ.

ಬೆಟ್ಟದ ರೈಲು ಜಗತ್ತಿನ ಅಲೆಮಾರಿಗಳೆಲ್ಲ ಹಂಬಲಿಸುವ ಪ್ರಯಾಣ. ಅದರ ಹಿಂದೆ ಕಾಫಿಯ ಕಥೆಯಿದೆ. ಬ್ರಿಟಿಷರು 1867ರಲ್ಲಿ ಕ್ಯಾಂಡಿಗೆ ಹಳಿ ತಂದದ್ದು ಕಾಫಿ ಸಾಗಿಸಲು. ಎರಡೇ ವರ್ಷಕ್ಕೆ, 1869ರಲ್ಲಿ, ಎಲೆ ತುಕ್ಕು ರೋಗ ಕಾಣಿಸಿಕೊಂಡು ಮುಂದಿನ ದಶಕಗಳಲ್ಲಿ ಕಾಫಿ ತೋಟಗಳನ್ನು ಒರೆಸಿಹಾಕಿತು. ಅದೇ ರೋಗ ಕೊಡಗು, ಮೈಸೂರು ಸೀಮೆಯ ತೋಟಗಳಿಗೂ ಬಂತು. ಇಲ್ಲಿ ಕಾಫಿ ಹೇಗೋ ಉಳಿಯಿತು, ಅಲ್ಲಿ ಉಳಿಯಲಿಲ್ಲ. ಜೇಮ್ಸ್ ಟೇಲರ್ ಎಂಬಾತ 1867ರಲ್ಲೇ ಲೂಲೆಕಂದರದಲ್ಲಿ 19 ಎಕರೆ ಚಹಾ ನೆಟ್ಟಿದ್ದ. ಅದೇ ಬೆಟ್ಟಕ್ಕೆಲ್ಲ ಹಬ್ಬಿತು. ಹಳಿ ಚಹಾವನ್ನು ಹಿಂಬಾಲಿಸಿ 1885ಕ್ಕೆ ನಾನುಓಯ, 1894ಕ್ಕೆ ಬಂಡಾರವೆಲ, 1924ಕ್ಕೆ ಬದುಲ್ಲ ಮುಟ್ಟಿತು. ಪಟ್ಟಿಪೊಲ ನಿಲ್ದಾಣ ಸುಮಾರು 1,898 ಮೀಟರ್ ಎತ್ತರದಲ್ಲಿದೆ. ‘ಎಲ್ಲ’ ಎಂಬ ಊರಿನ ಹತ್ತಿರದ ಒಂಬತ್ತು ಕಮಾನಿನ ಸೇತುವೆ 1921ರದು, ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲಿ ಎದ್ದು ನಿಂತದ್ದು. ದೆಮೋದರದಲ್ಲಿ ಹಳಿ ಒಂದು ಸುತ್ತು ಸುತ್ತಿ, ತಾನು ಬಿಟ್ಟು ಬಂದ ನಿಲ್ದಾಣದ ಅಡಿಯ ಸುರಂಗದಲ್ಲೇ ನುಸುಳಿ ಹೋಗುತ್ತದೆ.

ಉಡರಟ ಮೆನಿಕೆ, ಪೊಡಿ ಮೆನಿಕೆ ಎಂಬುವು ಇಲ್ಲಿನ ರೈಲುಗಳ ಹೆಸರು. ಕಾದಿರಿಸಿದ ಸೀಟು ಬೇಗ ಮುಗಿಯುತ್ತದೆ. ಕಾದಿರಿಸದ ಮೂರನೇ ದರ್ಜೆಯಲ್ಲಿ ನಿಂತು ಹೋಗುವವರಿಗೆ ತೆರೆದ ಬಾಗಿಲು, ಕಡಲೆ ಮಾರುವವನ ಕೂಗು, ಮನೆಗೆ ಹೊರಟ ಶಾಲೆ ಮಕ್ಕಳ ಹಾಡು ಸಿಗುತ್ತವೆ. ಒಂಟಿ ಹಳಿಯ ಈ ದಾರಿಯಲ್ಲಿ ಸ್ಟೇಷನ್ ಮಾಸ್ತರರು ಕೈಯಲ್ಲಿ ಬಳೆಯಂಥ ದೊಡ್ಡ ಕಂಬಿ ಹಿಡಿದು ಪ್ಲಾಟ್‌ಫಾರಂ ಅಂಚಿಗೆ ಬಂದು ನಿಲ್ಲುತ್ತಾರೆ. ಅದರ ಬುಡದ ಚರ್ಮದ ಚೀಲದಲ್ಲಿ ಒಂದು ಲೋಹದ ಬಿಲ್ಲೆ. ಅದು ಡ್ರೈವರ್ ಕೈ ಸೇರಿದರೆ ಮಾತ್ರ ಮುಂದಿನ ಹಳಿ ಆ ರೈಲಿನದು. ಆದರೆ ಈ ಬೆಟ್ಟಗಳಲ್ಲಿ ಮಳೆ ತಪ್ಪಿದರೂ ಕಷ್ಟ, ಮೀರಿದರೂ ಕಷ್ಟ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತದ ಮಳೆಗೆ ಗುಡ್ಡಗಳು ಕುಸಿದು ನೂರಾರು ಜನ ತೀರಿಕೊಂಡರು, ಹಳಿಗೂ ಪೆಟ್ಟು ಬಿತ್ತು. ರೈಲು ಎಲ್ಲಿಯವರೆಗೆ ಓಡುತ್ತಿದೆ ಎಂದು ಕೇಳಿಕೊಂಡೇ ಹೊರಡಬೇಕು.

ಹಪುತಲೆಯಲ್ಲಿ ಇಳಿದು ದಂಬತೆನ್ನೆ ಚಹಾ ಕಾರ್ಖಾನೆಗೆ ಹೋಗುವ ಬೆಳಗಿನ ಬಸ್ಸು ಹತ್ತಿದರೆ ಅದರ ತುಂಬ ತೋಟದ ಕೆಲಸಗಾರರು. ಕಾರ್ಖಾನೆಯಿಂದ 7 ಕಿ.ಮೀ. ಮೇಲೆ, ಥಾಮಸ್ ಲಿಪ್ಟನ್ ಕೂತು ತನ್ನ ತೋಟ ನೋಡುತ್ತಿದ್ದ ಎಂಬ ಕಟ್ಟೆಯಿದೆ. ಪ್ರವಾಸಿಗಳು ಅಲ್ಲಿಗೇ ನಡೆಯುವುದು. ಇಳಿಜಾರಿನಲ್ಲಿ ತಲೆಯಿಂದ ಬೆನ್ನಿಗೆ ಚೀಲ ಇಳಿಬಿಟ್ಟ ಹೆಂಗಸರು ಎರಡೆಲೆ ಒಂದು ಕುಡಿಯ ಲೆಕ್ಕದಲ್ಲಿ ಚಿವುಟುತ್ತಿರುತ್ತಾರೆ. ದಿನಕ್ಕೆ ಸುಮಾರು 18 ಕಿಲೊ ತೂಗಿದರೆ ಪೂರ್ತಿ ಕೂಲಿ. ಇವರ ಮುತ್ತಜ್ಜ ಮುತ್ತಜ್ಜಿಯರು 19ನೇ ಶತಮಾನದಲ್ಲಿ ತಮಿಳುನಾಡಿನಿಂದ ಬಂದು, ಮನ್ನಾರ್ ಕಡೆಯಿಂದ ಕಾಡಿನ ದಾರಿಯಲ್ಲಿ ಈ ಬೆಟ್ಟಗಳಿಗೆ ನಡೆದವರು. ದಾರಿಯಲ್ಲೇ ಕಾಯಿಲೆಗೆ ಸತ್ತವರ ಲೆಕ್ಕವಿಲ್ಲ. ಸ್ವತಂತ್ರ ದೇಶದ 1948ರ ಪೌರತ್ವ ಕಾನೂನು ಇವರನ್ನು ಯಾವ ದೇಶದವರೂ ಅಲ್ಲದಂತೆ ಮಾಡಿತು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಶಾಸ್ತ್ರಿ ಮತ್ತು ಸಿರಿಮಾವೊ ಮಾಡಿಕೊಂಡ ಒಪ್ಪಂದದಂತೆ 5,25,000 ಜನರನ್ನು ಭಾರತಕ್ಕೆ ಕಳಿಸುವುದೆಂದಾಯಿತು. ಹಾಗೆ ಬಂದ ಕೆಲವು ಕುಟುಂಬಗಳಿಗೆಂದೇ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯಲ್ಲಿ ರಬ್ಬರ್ ತೋಟ ಎದ್ದವು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲಿದ್ದಾರೆ. ಉಳಿದವರ ಪೌರತ್ವದ ಪ್ರಶ್ನೆ ಬಗೆಹರಿಯಲು 2003 ಬರಬೇಕಾಯಿತು. ಚಹಾ ತೋಟದ ಹಸಿರಿನ ಫೋಟೊ ತೆಗೆಯುವವರು ಒಂದು ಗಳಿಗೆ ‘ಲೈನ್’ ಮನೆಗಳ ಸಾಲಿನ ಮುಂದೆಯೂ ನಡೆದು ಹೋಗಬೇಕು.

ಕಾಲ್ನಡಿಗೆಯನ್ನೇ ಮೆಚ್ಚುವವರಿಗೆ ಈಗ ಪೆಕೋ ಟ್ರೇಲ್ ಇದೆ. ಹಳೆಯ ತೋಟದ ಗಾಡಿ ದಾರಿಗಳನ್ನು ಜೋಡಿಸಿ ಮಾಡಿದ 300 ಕಿ.ಮೀ. ಮೀರಿದ ಹಾದಿ, 22 ಹಂತಗಳು. ‘ಎಲ್ಲ’ ಊರಿನ ಪೇಟೆಯಲ್ಲಿ ಹೋಟೆಲು, ಕೆಫೆಗಳ ಗದ್ದಲ ಹೆಚ್ಚಿದೆ. ಹಪುತಲೆ ಇನ್ನೂ ಸಮಾಧಾನದ ಊರು. ಹಾರ್ಟನ್ ಪ್ಲೇನ್ಸ್‌ಗೆ ಹೋಗುವವರು ಕತ್ತಲಲ್ಲೇ ಹೊರಡಬೇಕು. ‘ಜಗತ್ತಿನ ಕೊನೆ’ ಎಂಬ ಹೆಸರಿನ ಅಲ್ಲಿನ ಪ್ರಪಾತ 870 ಮೀಟರ್ ಆಸುಪಾಸು. ಬೆಳಗಿನ ಒಂಬತ್ತು, ಹತ್ತರ ಹೊತ್ತಿಗೆ ಮೋಡ ಬಂದು ಅದನ್ನು ಮುಚ್ಚಿಬಿಡುತ್ತದೆ.

ಶ್ರೀಪಾದ ಬೆಟ್ಟದ ಯಾತ್ರೆಯೂ ಮಳೆ ಕೊಟ್ಟ ಅವಧಿಯಲ್ಲೇ ನಡೆಯುತ್ತದೆ: ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ. ಆಮೇಲೆ ಮುಂಗಾರು ಶಿಖರವನ್ನು ತನ್ನದಾಗಿಸಿಕೊಳ್ಳುತ್ತದೆ. 2,243 ಮೀಟರ್ ಎತ್ತರದ ನೆತ್ತಿಯ ಮೇಲಿನ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. 14ನೇ ಶತಮಾನದಲ್ಲಿ ಇಬ್ನ್ ಬತೂತಾ ಸಹ ಇದನ್ನು ಹತ್ತಿದ್ದ. ಹ್ಯಾಟನ್‌ನಲ್ಲಿ ರೈಲು ಇಳಿದು, ಮಸ್ಕೆಲಿಯ ದಾಟಿ ನಲ್ಲತನ್ನಿಯಕ್ಕೆ ಬಸ್ಸಿನಲ್ಲಿ ಬಂದು, ರಾತ್ರಿ ಎರಡಕ್ಕೆ ಹತ್ತಲು ಶುರು ಮಾಡುತ್ತಾರೆ. ಸುಮಾರು 5,500 ಮೆಟ್ಟಿಲು. ಬೆಟ್ಟದ ಕೆಳಗಿಂದ ನೋಡಿದರೆ ದೀಪದ ಸಾಲು ನಕ್ಷತ್ರಗಳ ನಡುವೆ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಬಿಳಿ ಸೀರೆಯ ಅಜ್ಜಿಯೊಬ್ಬರನ್ನು ಮೊಮ್ಮಗ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಏರಿಸುತ್ತಾನೆ. ಇಳಿದು ಬರುವವರು ಅಪರಿಚಿತರಾದರೂ ‘ಕರುಣಾವೈ’ ಎಂದು ಹರಸಿ ಹೋಗುತ್ತಾರೆ. ಚಹಾ ಅಂಗಡಿಯಲ್ಲಿ ಬೆಲ್ಲದ ತುಣುಕು ಕಚ್ಚಿ ಕಪ್ಪು ಚಹಾ ಕುಡಿದು ಮತ್ತೆ ಹತ್ತಬೇಕು. ತುದಿಯಲ್ಲಿ ಗಂಟೆಯಿದೆ, ಎಷ್ಟನೇ ಸಲ ಬಂದರೋ ಅಷ್ಟು ಸಲ ಬಾರಿಸುವುದು ಪದ್ಧತಿ. ಸೂರ್ಯ ಹುಟ್ಟಿದೊಡನೆ ಹೊಸಬರೆಲ್ಲ ಪೂರ್ವಕ್ಕೆ ಕಣ್ಣು ನೆಟ್ಟಿರುವಾಗ ಹಳಬರು ಪಶ್ಚಿಮಕ್ಕೆ ಓಡುತ್ತಾರೆ. ಬೆಟ್ಟದ ನೆರಳು ಅಳತೆ ಹಿಡಿದು ಕತ್ತರಿಸಿದಂಥ ತ್ರಿಕೋನವಾಗಿ ಮೋಡಗಳ ಮೇಲೆ ಬಿದ್ದಿರುತ್ತದೆ. ಕೆಲವು ನಿಮಿಷ ಮಾತ್ರ. ಹುಣ್ಣಿಮೆ ಮತ್ತು ವಾರಾಂತ್ಯಗಳಲ್ಲಿ ಜನಜಂಗುಳಿಯಲ್ಲಿ ಸಿಕ್ಕಿ ಬೆಳಕಾದರೂ ತುದಿ ಮುಟ್ಟದವರಿದ್ದಾರೆ.

ದಕ್ಷಿಣದ ಕರಾವಳಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲರೂ ಅಲ್ಲಿಗೆ ಹೋಗುವವರೇ. ಗಾಲ್ ಕೋಟೆಯನ್ನು ಪೋರ್ಚುಗೀಸರು ಶುರು ಮಾಡಿ ಡಚ್ಚರು ಮುಗಿಸಿದರು. ಸಂಜೆ ಅದರ ಗೋಡೆಯ ಮೇಲೆ ಇಡೀ ಊರು ಅಡ್ಡಾಡುತ್ತದೆ. ವೆಲಿಗಮದ ಸಣ್ಣ ಅಲೆಗಳಲ್ಲಿ ಮೊದಲ ಸಲ ಸರ್ಫಿಂಗ್ ಕಲಿಯುವವರು, ಮಿರಿಸ್ಸದಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೀಲಿ ತಿಮಿಂಗಿಲ ನೋಡಲು ದೋಣಿ ಹತ್ತುವವರು. ದ್ವೀಪದ ಈ ತುದಿಯಲ್ಲಿ ದಡದ ಹತ್ತಿರವೇ ಕಡಲು ಆಳಕ್ಕಿಳಿಯುವುದರಿಂದ ತಿಮಿಂಗಿಲಗಳು ಇಷ್ಟು ಸಮೀಪ ಬರುತ್ತವೆ. ಕೊಲಂಬೊದಿಂದ ಗಾಲ್‌ಗೆ ಕಡಲಂಚಿನಲ್ಲೇ ಸಾಗುವ ರೈಲು ಪೆರಲಿಯ ಎಂಬ ಹಳ್ಳಿ ದಾಟುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಲೆ ಜನ ತುಂಬಿದ ರೈಲನ್ನು ನುಂಗಿದ್ದು ಇಲ್ಲಿ. ಸತ್ತವರು ಸಾವಿರಕ್ಕೂ ಮೀರಿದರು. ಹಳಿಯ ಪಕ್ಕದಲ್ಲೇ ಸ್ಮಾರಕವಿದೆ.

ದಕ್ಷಿಣದಲ್ಲಿ ಮುಂಗಾರು ಇಳಿದಾಗ ಚೀಲಗಳು ಪೂರ್ವಕ್ಕೆ ಹೊರಡುತ್ತವೆ. ಅರುಗಂ ಬೇ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸರ್ಫಿಂಗ್‌ನವರ ಊರು, ಉಳಿದ ತಿಂಗಳು ಮೀನುಗಾರರದು. ಟ್ರಿಂಕೋಮಲಿಯಲ್ಲಿ ಕಡಲಿಗೆ ಚಾಚಿದ ಬಂಡೆಯ ಮೇಲೆ ಕೋಣೇಶ್ವರ ದೇವಸ್ಥಾನ, ಪಕ್ಕದ ನಿಲಾವೆಲಿಯಲ್ಲಿ ಹವಳದ ನಡುವೆ ಈಜಲು ಪಾರಿವಾಳ ದ್ವೀಪ. ಈ ಕರಾವಳಿಯ ಅತಿ ಹಳೆಯ ನಡಿಗೆಯ ಪ್ರವಾಸಿಗಳು ಕತರಗಮದ ಯಾತ್ರಿಕರು. ಯಾಳ್ಪಾಣ ಎಂದು ತಮಿಳರು ಕರೆಯುವ ಜಾಫ್ನಾ ಸೀಮೆಯಿಂದ ಹೊರಟು ಟ್ರಿಂಕೋಮಲಿ, ಬಟ್ಟಿಕಲೋವ, ಪೊತ್ತುವಿಲ್ ಹಾದು, ಕುಮನ ಮತ್ತು ಯಾಲ ಕಾಡುಗಳನ್ನು ದಾಟಿ, ಜುಲೈ ಆಸುಪಾಸಿನ ಉತ್ಸವಕ್ಕೆ ಕಾಲ್ನಡಿಗೆಯಲ್ಲೇ ಮುರುಗನ ಸನ್ನಿಧಿ ಸೇರುತ್ತಾರೆ. ವಾರಗಟ್ಟಲೆ ನಡೆಯುವ ಇವರ ಹೆಗಲಲ್ಲಿ ಒಂದು ಬಟ್ಟೆಗಂಟು, ಅಷ್ಟೇ. ಒಳಯುದ್ಧದ ವರ್ಷಗಳಲ್ಲಿ ಕಡಿದುಹೋಗಿದ್ದ ಈ ದಾರಿ ಮತ್ತೆ ತುಂಬಿಕೊಂಡಿದೆ.

ಉತ್ತರವೂ ಹಾಗೆಯೇ ತೆರೆದುಕೊಂಡಿತು. ಒಳಯುದ್ಧ 2009ರ ಮೇ ತಿಂಗಳಲ್ಲಿ ಮುಗಿಯಿತು. 1990ರಲ್ಲಿ ನಿಂತುಹೋಗಿದ್ದ ‘ಯಾಳ್ ದೇವಿ’ ರೈಲು 24 ವರ್ಷಗಳ ಮೇಲೆ, 2014ರ ಅಕ್ಟೋಬರ್‌ನಲ್ಲಿ, ಜಾಫ್ನಾಕ್ಕೆ ಮರಳಿ ಬಂತು. ಊರಿನ ಬಿಳಿ ಗುಮ್ಮಟದ ಗ್ರಂಥಾಲಯವನ್ನು 1981ರಲ್ಲಿ ಸುಟ್ಟಾಗ ಓಲೆಗರಿಗಳೂ ಸೇರಿ 90,000ಕ್ಕೂ ಮೀರಿದ ಪುಸ್ತಕಗಳು ಬೂದಿಯಾದವು. ಮತ್ತೆ ಕಟ್ಟಿದ ಕಟ್ಟಡದಲ್ಲಿ ಈಗ ಮಕ್ಕಳು ಪರೀಕ್ಷೆಗೆ ಓದುತ್ತಿರುತ್ತಾರೆ. ನೋಡಲು ಬಂದವರು ಮೆಲ್ಲಗೆ ನಡೆಯಬೇಕು. ನಲ್ಲೂರು ಕಂದಸ್ವಾಮಿ ಕೋವಿಲಿಗೆ ಗಂಡಸರು ಅಂಗಿ ತೆಗೆದು ಹೋಗುತ್ತಾರೆ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಸುಣ್ಣಕಲ್ಲಿನ ನೆಲ ಹಿಂಗಾರಿನ ನೀರನ್ನು ಹೀರಿಕೊಂಡು ಬಾವಿಗಳಿಗೆ ಕೊಡುತ್ತದೆ, ಅದರಲ್ಲೇ ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು ಬೆಳೆಯುತ್ತಾರೆ. ಉಳಿದದ್ದೆಲ್ಲ ತಾಳೆಮರ: ಬೇಲಿಗೆ ಅದರ ಗರಿ, ತಿನ್ನಲು ಅದರ ಬೆಲ್ಲ, ಮೀನಿನ ಗಂಜಿಗೆ ಅದರ ಮೊಳಕೆಯ ಹಿಟ್ಟು.

ಕುರಿಕಟ್ಟುವಾನ್ ಜೆಟ್ಟಿಯಿಂದ ಡೆಲ್ಫ್ಟ್ ದ್ವೀಪಕ್ಕೆ ಸುಮಾರು ಒಂದು ತಾಸಿನ ದೋಣಿ ಪ್ರಯಾಣ. ತಮಿಳಿನಲ್ಲಿ ಅದು ನೆಡುಂತೀವು, ಅಂದರೆ ನೀಳ ದ್ವೀಪ. ಅಲ್ಲಿ ಗದ್ದೆಯ ಬದುವೂ ಮನೆಯ ಕಾಂಪೌಂಡೂ ಹವಳದ ಕಲ್ಲಿನವು, ಗಾರೆಯಿಲ್ಲದೆ ಒಂದರ ಮೇಲೊಂದು ಇಟ್ಟವು. ಪೋರ್ಚುಗೀಸರ, ಡಚ್ಚರ ಕಾಲದಲ್ಲಿ ತಂದ ಕುದುರೆಗಳ ಸಂತತಿ ಈಗ ಯಾರದ್ದೂ ಅಲ್ಲದೆ ಬಯಲಿನಲ್ಲಿ ಮೇಯುತ್ತದೆ. ಹಿಂಗಾರು ಕಳೆದ ಮೇಲೆ ಹುಲ್ಲೂ ಹೊಂಡದ ನೀರೂ ಇರುವುದರಿಂದ ಅವುಗಳನ್ನು ನೋಡಲು ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಬೇಸಿಗೆ ಬಲಿತರೆ ಹೊಂಡಗಳು ಬತ್ತಿ ಅವು ಬಾಯಾರಿ ಸಾಯುವುದೂ ಉಂಟು. ಉಳಿಯಲು ಜಾಗ ಕಡಿಮೆ. ಹೆಚ್ಚಿನವರು ಬೆಳಗಿನ ದೋಣಿಯಲ್ಲಿ ಬಂದು, ಜೆಟ್ಟಿಯಲ್ಲೇ ಆಟೊ ಮಾತಾಡಿಕೊಂಡು ದ್ವೀಪ ಸುತ್ತಿ, ಮಧ್ಯಾಹ್ನದ ದೋಣಿಗೆ ಮೀನಿನ ಬುಟ್ಟಿಗಳ ಪಕ್ಕದಲ್ಲಿ ಜಾಗ ಹಿಡಿದು ಮರಳುತ್ತಾರೆ.